ಪಾರ್ಸೆಲ್ಲಿನಲ್ಲಿ ಬಂದ ಪಚ್ಚೆ

ಏಳನೆಯ ಕಂತು

"ಉಸಿರು ಬಿಡಬೇಡ" ಎಂದಳು ದೊಡ್ಡಮ್ಮ.

ಬಿಡಲಿಲ್ಲ. ಅಂಗಡಿ ನನ್ನದು, ಮೇಜು ನನ್ನದು, ದೀಪ ನನ್ನದು, ಗಡಿಯಾರದ ಹಲ್ಲುಚಕ್ರ ಎತ್ತುವ ಚಿಮುಟವೂ ನನ್ನದೇ. ಆದರೂ ಅವಳು ಬಂದು ಕೂತಳೆಂದರೆ ಅಲ್ಲಿ ಉಸಿರಾಡುವುದಕ್ಕೂ ನಾನು ಅಪ್ಪಣೆ ಕೇಳಬೇಕು. ಚಿಮುಟದ ತುದಿಯಲ್ಲಿ ಅಂಗಿಯ ಗುಂಡಿಗಿಂತ ಚಿಕ್ಕದಾದ ಹಸಿರು ಕಲ್ಲು. ನನ್ನ ಉಸಿರಿಗೆ ಹಾರಿಹೋದರೆ ಈ ಅಂಗಡಿಯ ಕಸದಲ್ಲಿ ಅದನ್ನು ಹುಡುಕುವುದು ಯಾರಿಂದಲೂ ಆಗದ ಮಾತು.

ಎದುರಿನ ಸ್ಟೂಲಿನಲ್ಲಿ ನಮ್ಮ ಬೀದಿಯ ಬೇಕರಿ ಅಕ್ಕ ಕೂತಿದ್ದಳು. ಮೊಣಕೈವರೆಗೆ ಹಿಟ್ಟು, ಮುಖದಲ್ಲಿ ಮೂರು ದಿನದ ನಿದ್ದೆ ಬಾಕಿ.

ಹೋದ ವಾರದ್ದನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ದೂರದ ಊರಿನ ವ್ಯಾಪಾರಿಯ ಹತ್ತಿರ ಅಕ್ಕ ಫೋನಿನಲ್ಲೇ ನೋಡಿ ಕೊಂಡ ಪಚ್ಚೆ ಬೇರೆ, ಪಾರ್ಸೆಲ್ಲಿನಲ್ಲಿ ಬಂದ ಪಚ್ಚೆ ಬೇರೆ ಎಂದು ದೊಡ್ಡಮ್ಮ ನಿನ್ನೆ ಸಂಜೆ ತೀರ್ಪು ಕೊಟ್ಟಿದ್ದಳು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ರತ್ನ ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕಲ್ಲುಗಳ ಹೊಟ್ಟೆಯೊಳಗೆ ಇಣುಕಿ ನಿವೃತ್ತಳಾದವಳು. ಬೀದಿಯವರೆಲ್ಲ ಅವಳನ್ನು ಭೂತಗನ್ನಡಿ ದೊಡ್ಡಮ್ಮ ಎನ್ನುತ್ತಾರೆ. ನಿವೃತ್ತಿಯ ನಂತರ ಅವಳಿಗೆ ಇಣುಕಲು ಕಲ್ಲುಗಳು ಸಿಗದೆ ಮನುಷ್ಯರನ್ನೇ ಹಿಡಿದುಕೊಂಡಿದ್ದಾಳೆ. ಅವಳ ಪತ್ತೇದಾರಿಕೆಗೆ ನನ್ನ ಗಡಿಯಾರ ರಿಪೇರಿ ಅಂಗಡಿಯೇ ಕಚೇರಿ, ಬಾಡಿಗೆ ಮಾತ್ರ ನನ್ನದು.

"ನೆಲದೊಳಗೆ ಬೆಳೆದ ಪಚ್ಚೆ ಅಂದ್ರೆ ಒಳಗೆ ಬಿರುಕು, ಪಾಚಿ ಥರ ಗೆರೆ, ಗುಳ್ಳೆ, ಏನಾದ್ರೂ ಒಂದು ಇದ್ದೇ ಇರುತ್ತೆ. ಸಂಸಾರ ಇದ್ದ ಹಾಗೆ" ಎಂದಳು ದೊಡ್ಡಮ್ಮ, ಕಣ್ಣಿನಿಂದ ಭೂತಗನ್ನಡಿ ತೆಗೆಯದೆ. "ನೀನು ವಿಡಿಯೋದಲ್ಲಿ ನೋಡಿದ್ದಕ್ಕೆ ಒಂದು ತುದೀಲಿ ಹಕ್ಕಿ ಗರಿ ಥರ ಗೆರೆ ಇತ್ತು. ಇದರಲ್ಲಿ ಏನೂ ಇಲ್ಲ. ತೊಳೆದಿಟ್ಟ ತಟ್ಟೆ. ಕಾರ್ಖಾನೆ ಒಲೇಲಿ ಬೆಳೆಸಿದ್ದು ಇದು."

"ಒಲೇಲಾ? ಎಷ್ಟು ಡಿಗ್ರಿಗೆ ಇಡ್ತಾರೆ?" ಎಂದು ಅಕ್ಕ ಕೇಳಿದಳು.

ಮನೆಗೆ ಬೆಂಕಿ ಬಿದ್ದರೂ ಬೇಕರಿಯವರು ಮೊದಲು ಶಾಖ ಎಷ್ಟೆಂದು ಕೇಳುತ್ತಾರೇನೋ.

ಇಷ್ಟಕ್ಕೂ ಅವಳಿಗೆ ಪಚ್ಚೆಯ ಉಸಾಬರಿ ಯಾಕೆ ಬಂತೆಂದರೆ, ಅದು ಅಮ್ಮನ ಉಂಗುರದ ಕಥೆ. ತಿಂಗಳ ಹಿಂದೆ ಅವಳ ಅಮ್ಮ ಚಿಕ್ಕ ಮಗಳ ಮನೆಗೆ ಹೊರಟಾಗ ಪಚ್ಚೆಯ ಉಂಗುರವನ್ನು ಬಿಚ್ಚಿ ಅಕ್ಕನ ಕೈಗಿಟ್ಟು, ಹಿಟ್ಟು ನಾದುವಾಗ ಮಾತ್ರ ಹಾಕಿಕೊಳ್ಳಬೇಡ ಎಂದು ಮೂರು ಸಲ ಹೇಳಿ ಹೋಗಿದ್ದರು. ಬೇಡ ಎಂದದ್ದನ್ನೇ ಮಾಡುವುದು ನಮ್ಮ ಬೀದಿಯ ಹೆಣ್ಣುಮಕ್ಕಳ ಹುಟ್ಟುಗುಣ. ಮೂರನೆಯ ದಿನ ಬೆಳಿಗ್ಗೆ ಇನ್ನೂರ ನಲವತ್ತು ಬನ್ನುಗಳು ಒಲೆಯಿಂದ ಹೊರಗೆ ಬಂದವು, ಉಂಗುರದ ಕಲ್ಲು ಮಾತ್ರ ಕಾಣಲಿಲ್ಲ.

ಅಂದು ಅಕ್ಕ ಅರ್ಧ ಬನ್ನುಗಳನ್ನು ಸೀಳಿ ನೋಡಿದಳು. ಸೀಳಿದ್ದನ್ನು ಚೂರು ಮಾಡಿ ಮಾರಿದಳು. ಉಳಿದದ್ದನ್ನು ಕೊಂಡವರಿಗೆಲ್ಲ ನಿಧಾನವಾಗಿ ಅಗಿದು ತಿನ್ನಿ, ಆರೋಗ್ಯಕ್ಕೆ ಒಳ್ಳೆಯದು ಎಂದು ಉಪದೇಶ ಮಾಡಿದಳು. ನಾನೂ ಎರಡು ತಿಂದೆ. ಕಲ್ಲು ಸಿಕ್ಕಿತೆಂದು ಇದುವರೆಗೆ ಯಾರೂ ಬಂದಿಲ್ಲ.

ಅಮ್ಮ ಬರುವುದು ಈ ಶನಿವಾರ. ಅಷ್ಟರಲ್ಲಿ ಅದೇ ಅಳತೆಯ, ಅದೇ ಬಣ್ಣದ ಪಚ್ಚೆ ಉಂಗುರದಲ್ಲಿ ಕೂತಿರಬೇಕು. ಹೊಸ ಒಲೆಗೆಂದು ಮೂರು ವರ್ಷ ಕೂಡಿಟ್ಟದ್ದನ್ನು ಅವಳು ಈ ಕಲ್ಲಿಗೆ ಸುರಿದಿದ್ದಳು. ಆ ದುಡ್ಡು ಇನ್ನೂ ವ್ಯಾಪಾರಿಯ ಕೈ ಸೇರಿಲ್ಲ, ಅದೊಂದೇ ಸಮಾಧಾನ. ನಡುವೆ ನಿಂತ ಒಂದು ಮಧ್ಯಸ್ಥ ಸಂಸ್ಥೆ ಅದನ್ನು ಪಾರ್ಸೆಲ್ ತಲುಪಿದ ಏಳು ದಿನದವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಕೊಂಡವರು ದೂರು ಕೊಡದಿದ್ದರೆ ಅದು ವ್ಯಾಪಾರಿಗೆ ಹೋಗುತ್ತದೆ.

ಇಂದು ಏಳನೆಯ ದಿನ. ಗಡುವು ಸಂಜೆ ಐದು ಗಂಟೆ.

ಮಧ್ಯಸ್ಥ ಸಂಸ್ಥೆಯ ಉಪಾಯ ಹೇಳಿಕೊಟ್ಟವಳು ದೊಡ್ಡಮ್ಮನೇ. ಕಣ್ಣಿಗೆ ಕಾಣದ ಊರಿನಿಂದ ಬಿಡಿ ಕಲ್ಲು ಕೊಳ್ಳುವವರು ಏನೇನು ಮಾಡಬೇಕೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಟ್ಟಿದ್ದಳು. ಅಕ್ಕ ಅದನ್ನು ಯೀಸ್ಟಿನ ಡಬ್ಬದ ಮೇಲೆ ಅಂಟಿಸಿಕೊಂಡು ಒಂದೊಂದನ್ನೇ ಪಾಲಿಸಿದ್ದಳು. ಪರೀಕ್ಷಾ ಪತ್ರದ ಸಂಖ್ಯೆಯನ್ನು ವ್ಯಾಪಾರಿ ಕಳಿಸಿದ ಕೊಂಡಿ ಒತ್ತಿ ನೋಡದೆ, ಪ್ರಯೋಗಾಲಯದ ಜಾಲತಾಣಕ್ಕೆ ತಾನೇ ಹೋಗಿ, ತಾನೇ ಟೈಪು ಮಾಡಿ ನೋಡಿದಳು. ಪತ್ರ ಅಸಲಿ, ನಾಲ್ಕು ತಿಂಗಳ ಹಿಂದಿನದು. ಬಿರುಕು ಕಾಣದಂತೆ ಎಣ್ಣೆ ತುಂಬಿದ್ದಾರೋ ಇಲ್ಲವೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆದಳು. ವಾಪಸು ತೆಗೆದುಕೊಳ್ಳುವ ಮಾತನ್ನೂ ಬರೆಸಿಕೊಂಡಳು. ಪಾರ್ಸೆಲ್ಲನ್ನು ಕ್ಯಾಮೆರಾ ಎದುರಿಗೇ ಒಡೆದಳು.

ಕ್ಯಾಮೆರಾ ಹಿಡಿದದ್ದು ಅವಳ ಗಂಡ. ಆ ವಿಡಿಯೋದಲ್ಲಿ ಕಲ್ಲಿಗಿಂತ ಹೆಚ್ಚು ಹೊತ್ತು ಕಾಣಿಸುವುದು ಅವನ ಹೆಬ್ಬೆರಳು. ಆಮೇಲೆ ಅಕ್ಕ ಕಲ್ಲನ್ನು ಬೇಕರಿಯ ತಕ್ಕಡಿಯಲ್ಲಿ ತೂಗಿದಳಂತೆ. ಹತ್ತು ಕಿಲೋ ಮೈದಾ ತೂಗುವ ತಕ್ಕಡಿ ಸೊನ್ನೆ ತೋರಿಸಿತಂತೆ. ಗಾಬರಿಯಾಗಿ ಕಲ್ಲನ್ನು ನೇರವಾಗಿ ದೊಡ್ಡಮ್ಮನ ಹತ್ತಿರ ತರುವ ಬದಲು, ಕೂರಿಸಲೆಂದು ಖಾಲಿ ಉಂಗುರದ ಜೊತೆ ಅಕ್ಕಸಾಲಿ ಭಾವನ ಕೈಗೆ ಕೊಟ್ಟುಬಿಟ್ಟಳು. ಅದು ಅಲ್ಲಿ ನಾಲ್ಕು ದಿನ ಇತ್ತು. ನಿನ್ನೆ ಗಂಡನನ್ನು ಕಳಿಸಿ ಕಲ್ಲನ್ನಷ್ಟೇ ವಾಪಸು ತರಿಸಿದ್ದಳು.

"ಬೇರೆ ಯಾರ ಕೈಗೂ ಕೊಡೋಕ್ ಮುಂಚೆ ತಿಳಿದವರಿಗೆ ತೋರ್ಸು ಅಂತ ದಪ್ಪ ಅಕ್ಷರದಲ್ಲಿ ಬರ್ದಿದ್ದೆ" ಎಂದು ದೊಡ್ಡಮ್ಮ ಈಗ ಗೊಣಗಿದಳು.

ಆ ಸಾಲಿನ ಮೇಲೆ ಬೆಣ್ಣೆ ಬಿದ್ದಿತ್ತು ಎಂಬುದು ಅಕ್ಕನ ವಿವರಣೆ.

ಕಲ್ಲು ಬೇರೆ ಎಂದು ಅಕ್ಕ ರಾತ್ರಿ ಬರೆದದ್ದಕ್ಕೆ ಬೆಳಿಗ್ಗೆ ವ್ಯಾಪಾರಿಯ ಉತ್ತರ ಬಂದಿತ್ತು. ತುಂಬ ಮರ್ಯಾದೆಯ ಉತ್ತರ. ನಾನು ಕಳಿಸಿದ್ದು ವಿಡಿಯೋದಲ್ಲಿ ಇದ್ದ ಕಲ್ಲೇ ತಾಯಿ, ನಿಮ್ಮ ಮನೆ ಸೇರಿದ ಮೇಲೆ ಅದು ಯಾರ ಯಾರ ಕೈಗೆ ಹೋಯಿತೆಂದು ವಿಚಾರಿಸಿ ನೋಡಿ, ಎಂದಿತ್ತು. ಓದಿದಾಗಿನಿಂದ ಅಕ್ಕನಿಗೆ ಭಾವನ ಮೇಲೆ ಅನುಮಾನ ಹತ್ತಿತ್ತು. ಭಾವ ಎಂದರೆ ಗಂಡನ ಸ್ವಂತ ಅಣ್ಣ. ಕೇಳಿದರೆ ಮನೆ ಒಡೆಯುತ್ತದೆ, ಕೇಳದಿದ್ದರೆ ಒಲೆ ಹೋಗುತ್ತದೆ.

"ಮೊನ್ನೆ ಹೊಸ ಸ್ಕೂಟರ್ ಬೇರೆ ಬಂದಿದೆ ಅವರ ಮನೆ ಮುಂದೆ" ಎಂದಳು, ನೆಲ ನೋಡುತ್ತ. ಹೇಳಿದ್ದಕ್ಕೆ ತನಗೇ ನಾಚಿಕೆಯಾಗಿ ಕಣ್ಣೊರೆಸಿಕೊಂಡಳು. ಹಿಟ್ಟು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು.

ದೊಡ್ಡಮ್ಮ ಕಲ್ಲನ್ನು ಕಾಗದದ ಪೊಟ್ಟಣಕ್ಕೆ ಇಳಿಸಿ, ಮಡಿಸಿ, ಎದ್ದು ನಿಂತಳು.

"ನಡಿ. ಕೇಳೋದು ನಾನು. ನೀನು ಬಾಯಿಗೆ ಒಂದು ಬನ್ನು ಇಟ್ಕೊಂಡಿರು."

* * *

ಭಾವನ ಕೆಲಸದ ಕೋಣೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ದೊಡ್ಡಮ್ಮನ ಮೊಣಕಾಲುಗಳು ನನ್ನ ಅಂಗಡಿಯ ಹಳೆಯ ಗಡಿಯಾರಗಳಂತೆ ಬೇರೆ ಬೇರೆ ಹೊತ್ತಿಗೆ ಸದ್ದು ಮಾಡಿದವು. ಮೂರೂ ಮುಕ್ಕಾಲಾಗಿತ್ತು.

ಕೋಣೆ ಚಿಕ್ಕದು, ಆದರೆ ಅಲ್ಲಿ ಒಂದು ಸೂಜಿಯೂ ದಾರಿ ತಪ್ಪಿ ಬಿದ್ದಿರಲಿಲ್ಲ. ಗೋಡೆಯುದ್ದಕ್ಕೂ ಅರಗಳು, ಇಕ್ಕಳಗಳು ಎತ್ತರದ ಪ್ರಕಾರ ನಿಂತಿದ್ದವು. ಮೇಜಿನ ಕೆಳಗೆ ಚಿನ್ನದ ಪುಡಿ ಬೀಳಲೆಂದು ತೊಗಲು ಕಟ್ಟಿತ್ತು. ಮೂಲೆಯಲ್ಲಿ ಸೂಕ್ಷ್ಮದರ್ಶಕ, ಅದಕ್ಕೆ ಜೋಡಿಸಿದ ದೊಡ್ಡ ಪರದೆ. ಕಣ್ಣು ಮಂಜಾದ ಮೇಲೆ ಭಾವ ಆ ಪರದೆ ನೋಡಿಕೊಂಡೇ ಕಲ್ಲು ಕೂರಿಸುತ್ತಾರೆ.

ಅವರು ಮಾತು ಕಡಿಮೆಯ ಮನುಷ್ಯ. ನಮ್ಮನ್ನು ನೋಡಿ ಮೂರು ಸ್ಟೂಲು ಎಳೆದರು, ಒಂದನ್ನು ಒರೆಸಿ ದೊಡ್ಡಮ್ಮನಿಗೆ ಕೊಟ್ಟರು.

ದೊಡ್ಡಮ್ಮ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಹಾಗೆ ಶುರುಮಾಡಿದಳು. ಹವೆ ವಿಚಾರಿಸಿದಳು, ಕಣ್ಣಿನ ವಿಚಾರ ಕೇಳಿದಳು, ಸ್ಕೂಟರು ಚೆನ್ನಾಗಿದೆ ಎಂದಳು. ಅದು ಹಳೆಯದೇ, ಬಣ್ಣ ಹೊಡೆಸಿದ್ದು ಎಂದರು ಭಾವ. ಅಕ್ಕ ತಲೆ ಇನ್ನೂ ತಗ್ಗಿಸಿದಳು.

ಇಷ್ಟರಲ್ಲೇ ನಾನೊಂದು ಎಡವಟ್ಟು ಮಾಡಿದೆ. ಮೌನ ನನಗೆ ಆಗಿಬರುವುದಿಲ್ಲ. "ಕಲ್ಲು ಬದಲಾಗಿದೆಯಂತೆ" ಎಂದುಬಿಟ್ಟೆ.

ಭಾವ ಕೈಯಲ್ಲಿದ್ದ ಅರವನ್ನು ಅದರ ಜಾಗದಲ್ಲಿಟ್ಟರು. ಆಮೇಲೆ ನೋಡಿದ್ದು ನನ್ನನ್ನಲ್ಲ, ತಮ್ಮನ ಹೆಂಡತಿಯನ್ನು.

"ನಾನು ಬದಲಾಯ್ಸಿದೆ ಅಂತಾನಾ?"

ಅಕ್ಕ ಮೊಣಕೈಯ ಹಿಟ್ಟನ್ನು ಉಜ್ಜತೊಡಗಿದಳು.

"ನಲವತ್ತೆರಡು ವರ್ಷ ಆಯ್ತು ಈ ಮೇಜಿಗೆ ಕೂತು" ಎಂದರು ಭಾವ. ಧ್ವನಿ ಏರಲಿಲ್ಲ, ಅದಕ್ಕೇ ಕೇಳುವುದು ಕಷ್ಟವಾಯಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ. ಆ ವ್ಯಾಪಾರಿ ಯಾರೋ ಏನೋ, ಅವನ ಮಾತು ಕೇಳಿ ನನ್ನ ಹತ್ರ ಬಂದ್ಯಾ? ನಿನ್ನ ಆ ಬೇಕರಿಗೆ ಮೊದಲ ತಟ್ಟೆ ಮಾಡ್ಕೊಟ್ಟಿದ್ದು ಈ ಕೈ."

"ಕೋಪ ಮಾಡ್ಕೊಳ್ಳಿ, ಪರವಾಗಿಲ್ಲ" ಎಂದಳು ದೊಡ್ಡಮ್ಮ. "ಆದ್ರೆ ಮೊದಲು ಪುಸ್ತಕ ತೆಗೀರಿ. ಕಲ್ಲು ಬಂದ ದಿನಾನೇ ಅದರ ಜಾತಕ ಬರೀತೀರಿ ಅಂತ ಕೇಳಿದೀನಿ."

ಭಾವನ ಮುಖ ಸ್ವಲ್ಪ ಸಡಿಲವಾಯಿತು. ಕಸುಬು ಬಲ್ಲವರೊಬ್ಬರು ಕಸುಬಿನ ಮಾತು ಕೇಳಿದರೆ ಯಾವ ಕೋಪವೂ ಪೂರ್ತಿ ನಿಲ್ಲುವುದಿಲ್ಲ.

ಜಾತಕ ಎನ್ನುವುದು ಅವರದೇ ಒಂದು ಪದ್ಧತಿ. ಯಾರೇ ಕಲ್ಲು ತಂದುಕೊಡಲಿ, ಕೊಟ್ಟವರ ಎದುರಿಗೇ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಒಳಗಿನ ಗೆರೆ, ಚುಕ್ಕೆ, ಅಂಚಿನ ಒಡಕು ಎಲ್ಲವನ್ನೂ ಪುಸ್ತಕದಲ್ಲಿ ಪೆನ್ಸಿಲಿನಿಂದ ಬಿಡಿಸುತ್ತಾರೆ. ತೂಕ ಬರೆಯುತ್ತಾರೆ. ಕೆಳಗೆ ಕೊಟ್ಟವರ ಸಹಿ ಹಾಕಿಸುತ್ತಾರೆ. ಅಷ್ಟಾಗದೆ ಕಲ್ಲಿಗೆ ಅರ ಮುಟ್ಟಿಸುವುದಿಲ್ಲ.

ಪುಸ್ತಕ ಬಂತು. ಮಂಗಳವಾರದ ಪುಟ. ಉದ್ದುದ್ದ ದುಂಡಗಿನ ಒಂದು ಆಕಾರ, ಅದರೊಳಗೆ ಖಾಲಿ ಬಿಳಿ. ಗರಿಯಿಲ್ಲ, ಗೆರೆಯಿಲ್ಲ, ಚುಕ್ಕೆಯಿಲ್ಲ. ಪಕ್ಕದಲ್ಲಿ ಭಾವನ ಅಕ್ಷರ: ‘ಒಳಗೆ ಏನೂ ಇಲ್ಲ. ಅನುಮಾನ. ಕೇಳಬೇಕು.’ ಕೆಳಗೆ ಅಕ್ಕನ ಸಹಿ, ಸಹಿಯ ಮೇಲೆ ಜಿಡ್ಡಿನ ಬೆರಳ ಗುರುತು.

"ಇದನ್ನ ನೋಡೇ ಸಹಿ ಮಾಡಿದ್ಯಾ?" ದೊಡ್ಡಮ್ಮ ಕೇಳಿದಳು.

"ಒಲೇಲಿ ಬ್ರೆಡ್ಡಿತ್ತು ದೊಡ್ಡಮ್ಮ. ಓಡ್ಬೇಕಿತ್ತು."

ಭಾವ ಅಂದೇ ಸಂಜೆ ಕೇಳಲು ಎರಡು ಸಲ ಫೋನು ಮಾಡಿದ್ದರಂತೆ. ಅಕ್ಕ ಹಿಟ್ಟಿನ ಕೈಯಲ್ಲಿ ಎತ್ತಿರಲಿಲ್ಲ. ಮಾತು ಕಡಿಮೆಯ ಮನುಷ್ಯ ಮೂರನೆಯ ಸಲ ಮಾಡಲಿಲ್ಲ. ಹೀಗೆ ಒಬ್ಬರ ಗಡಿಬಿಡಿ, ಇನ್ನೊಬ್ಬರ ಬಿಗುಮಾನ ಸೇರಿ ಐದು ದಿನ ವ್ಯರ್ಥವಾಗಿದ್ದವು.

ಅಕ್ಕ ಎದ್ದು ಭಾವನ ಮುಂದೆ ನಿಂತಳು. ತಪ್ಪಾಯಿತು ಎಂದಳು. ಅವಳು ಅಳುವುದನ್ನು ನೋಡಲಾಗದೆ ಭಾವ ಗೋಡೆಯ ಅರಗಳನ್ನು ಎಣಿಸುವವರಂತೆ ತಿರುಗಿಕೊಂಡರು, ಆಮೇಲೆ ಕೈ ಒರೆಸುವ ಬಟ್ಟೆಯನ್ನು ಅವಳತ್ತ ಚಾಚಿದರು. ಅದರಲ್ಲಿ ಚಿನ್ನದ ಪುಡಿ ಇದೆ, ಒರೆಸಿಕೊಂಡು ವಾಪಸು ಕೊಡು ಎಂದರು. ಅಕ್ಕ ಅಳುತ್ತಲೇ ನಕ್ಕಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ದೊಡ್ಡಮ್ಮ ಮಾತ್ರ ಗಡಿಯಾರ ನೋಡಿದಳು. ನಾಲ್ಕೂ ಹತ್ತು.

"ನಿನ್ನ ಭಾವ ಕಳ್ಳ ಅಲ್ಲ ಅಂತ ನಮಗೆ ಗೊತ್ತಾಯ್ತು. ನೀನು ಕಳ್ಳಿ ಅಲ್ಲ ಅಂತ ಆ ಸಂಸ್ಥೆಯವರಿಗೆ ಹೇಗೆ ಗೊತ್ತಾಗ್ಬೇಕು? ನೀನೇ ಮನೇಲಿ ಬದಲಾಯ್ಸಿ ಇಲ್ಲಿಗೆ ತಂದೆ ಅಂದ್ರೆ? ನಿನ್ನ ಗಂಡನ ಹೆಬ್ಬೆರಳು ಸಾಕ್ಷಿ ಹೇಳುತ್ತಾ?"

ಉಳಿದದ್ದು ವ್ಯಾಪಾರಿಯ ವಿಡಿಯೋ ಒಂದೇ. ದೊಡ್ಡಮ್ಮ ಅದನ್ನು ಮತ್ತೆ ನೋಡಬೇಕೆಂದಳು. ನೋಡುವ ಮೊದಲು ಸುಮ್ಮನೆ ಒಂದು ಮಾತು ಕೇಳಿದಳು: ನಾನು ಬರೆದುಕೊಟ್ಟಂತೆ ನೇರ ವಿಡಿಯೋ ಕರೆಯಲ್ಲಿ ನೋಡಿದಾಗ ಅವನಿಗೆ ಏನೇನು ಮಾಡಲು ಹೇಳಿದೆ, ಕಾಗದದ ಮೇಲೆ ನಿನ್ನ ಹೆಸರು ಬರೆಸಿ ಕಲ್ಲಿನ ಪಕ್ಕ ಇಡಿಸಿದೆಯಾ, ಎಂದು.

ಅಕ್ಕ ಕೈ ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು, ಎಂಟಾಗಿ ಮಡಿಸಿದಳು.

"ಅವನು ಕರೆ ಮಾಡಿದಾಗ ಒಲೇಲಿ ಎಂಬತ್ತು ಬ್ರೆಡ್ಡಿತ್ತು. ಎರಡು ನಿಮಿಷ ತಡ ಆದ್ರೂ ತಳ ಸೀದುಹೋಗ್ತಿತ್ತು. ಆಮೇಲೆ ರೆಕಾರ್ಡ್ ಮಾಡಿ ಕಳ್ಸಿ ಅಂದೆ. ಬಿಸಿಲಲ್ಲಿ, ಕೈ ಮೇಲೆ ಇಟ್ಟು ತೆಗೀರಿ ಅಂತ ಮಾತ್ರ ಹೇಳ್ದೆ. ಹಂಗೇ ಕಳ್ಸಿದ."

ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಬ್ರೆಡ್ಡು ಕರಕಲಾಗಿದ್ರೆ ಎಸೀಬಹುದಿತ್ತು" ಎಂದಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಭಾವನ ಪರದೆಗೆ ಜೋಡಿಸತೊಡಗಿದೆ. ಭಾವನಿಗೆ ಈ ವಿಡಿಯೋವನ್ನು ಇದುವರೆಗೆ ಯಾರೂ ತೋರಿಸಿರಲಿಲ್ಲ. ಕೂರಿಸುವವನಿಗೆ ಕಲ್ಲು ಸಾಕು, ಸಿನಿಮಾ ಯಾಕೆ ಎಂಬುದು ಅಕ್ಕನ ಲೆಕ್ಕಾಚಾರವಾಗಿತ್ತು.

ಪರದೆಯ ತುಂಬ ಪಚ್ಚೆ ಬಂತು. ಬಿಸಿಲಿಗೆ ತಿರುಗಿತು. ತುದಿಯಲ್ಲಿ ಗರಿ ಮಿಂಚಿ ಮರೆಯಾಯಿತು.

"ನಿಲ್ಲಿಸು" ಎಂದರು ಭಾವ.

ಅವರು ಎದ್ದು ಪರದೆಯ ಹತ್ತಿರ ಹೋದರು. ಕಲ್ಲಿನ ಎಡಹೆಗಲನ್ನು ಬೆರಳಿನಿಂದ ಸವರಿದರು. ಹಳೆಯ ಕಾಲದಲ್ಲಿ ಕೈಯಿಂದ ಉಜ್ಜಿದ ಕಲ್ಲು ಇದು, ಒಂದು ಹೆಗಲು ತುಸು ಇಳಿದಿದೆ ನೋಡಿ, ಎಂದರು. ಆಮೇಲೆ ಕಪಾಟಿನಿಂದ ಅಮ್ಮನ ಖಾಲಿ ಉಂಗುರ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಕ್ಷಣಹೊತ್ತು ನೋಡಿ, ಅದನ್ನೂ ಪಾರ್ಸೆಲ್ಲಿನ ಕಲ್ಲನ್ನೂ ಮೇಜಿನ ಮೇಲಿಟ್ಟರು.

"ಪಾರ್ಸೆಲ್ಲಲ್ಲಿ ಬಂದಿದ್ದು ಈ ಉಂಗುರಕ್ಕೆ ಸರಿಯಾಗಿ ಕೂರಲ್ಲ. ಎಡಗಡೆ ಎತ್ತಿ ನಿಲ್ಲುತ್ತೆ. ಯಾಕಂದ್ರೆ ಉಂಗುರದಲ್ಲಿ ಕಲ್ಲು ಕೂರೋ ಮನೇನೂ ಎಡಗಡೆ ಇಳಿಸಿ ಕೆತ್ತಿದ್ದಾರೆ. ಆದ್ರೆ ವಿಡಿಯೋದಲ್ಲಿರೋ ಈ ಕಲ್ಲು..." ಅವರು ಅಕ್ಕನ ಕಡೆ ತಿರುಗಿದರು. "ಇಂಥ ಕಲ್ಲು ಇಷ್ಟು ಕರಾರುವಾಕ್ಕಾಗಿ ಎಲ್ಲಿ ಸಿಕ್ತು ನಿನಗೆ?"

ಅಳತೆ ಹಾಕಿ ಹುಡುಕಿದೆ, ಹುಡುಕಿದ ಮೂರನೇ ದಿನ ಇದು ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ನನ್ನ ಅದೃಷ್ಟ ಅಂದುಕೊಂಡೆ, ಎಂದಳು ಅಕ್ಕ. ಅದೃಷ್ಟ ಎಂಬ ಮಾತು ಕೇಳಿದ ಕೂಡಲೇ ದೊಡ್ಡಮ್ಮನ ಹುಬ್ಬು ಮೇಲೇರಿತು. ಮೂವತ್ತೊಂದು ವರ್ಷದಲ್ಲಿ ಅವಳು ಎಷ್ಟೋ ಬಗೆಯ ಕಲ್ಲು ನೋಡಿದ್ದಾಳೆ, ಅದೃಷ್ಟದ ಕಲ್ಲು ಒಂದನ್ನೂ ನೋಡಿಲ್ಲ.

"ಕಲ್ಲನ್ನ ದೊಡ್ಡದು ಮಾಡಿ ಮಾಡಿ ನೋಡಿದ್ದು ಸಾಕು. ಪೂರ್ತಿ ಚಿತ್ರ ತೋರ್ಸು" ಎಂದಳು ನನಗೆ. "ನೆರಳು ನೋಡೋಣ. ಅವನ ಊರಲ್ಲಿ, ಅವನು ಹೇಳಿದ ಹೊತ್ತಲ್ಲಿ, ಬಿಸಿಲು ಆ ಕಡೆಯಿಂದ ಬೀಳುತ್ತಾ ಅಂತ."

ಅವಳ ತಲೆ ಅಂದರೆ ಅದು. ವಿಡಿಯೋದ ಜೊತೆ ವ್ಯಾಪಾರಿ ಬರೆದ ಮಾತೂ ಇತ್ತು. ಈ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆಯೇ ತೆಗೆದದ್ದು, ಕೈ ನನ್ನ ಹೆಂಡತಿಯದು, ಎಂದಿದ್ದ. ನಾನು ಚಿತ್ರವನ್ನು ಚಿಕ್ಕದು ಮಾಡಿದೆ. ಕಲ್ಲು ಕುಗ್ಗಿತು, ಕಲ್ಲಿನ ಕೆಳಗಿನ ಕೈ ಪರದೆ ತುಂಬಿತು. ಎರಡು ಬೆರಳುಗಳ ಸಂದಿಯಲ್ಲಿ ಪಚ್ಚೆ ಸಿಕ್ಕಿಸಿಕೊಂಡ, ವಯಸ್ಸಾದ ಹೆಂಗಸಿನ ಕೈ.

ದೊಡ್ಡಮ್ಮ ನೆರಳಿನ ಬಗ್ಗೆ ಏನೋ ಹೇಳತೊಡಗಿದಳು. ಭಾವ ದಿಕ್ಕು ಲೆಕ್ಕ ಹಾಕತೊಡಗಿದರು. ನಾನೂ ದೊಡ್ಡ ಜಾಣನಂತೆ ತಲೆಯಾಡಿಸಿದೆ.

ಅಕ್ಕ ಮಾತ್ರ ಪರದೆಯ ಹತ್ತಿರ, ಇನ್ನೂ ಹತ್ತಿರ ಹೋದಳು.

"ಅದು ನಮ್ಮಮ್ಮನ ಕೈ."

ಯಾರಿಗೂ ಅರ್ಥವಾಗಲಿಲ್ಲ. ಕೈಗಳೆಲ್ಲ ಒಂದೇ ಥರ ಇರುತ್ತವೆ ಕಣೇ ಎಂದಳು ದೊಡ್ಡಮ್ಮ, ಮೆತ್ತಗೆ.

"ಆ ಕಿರುಬೆರಳು ನೋಡಿ. ಒಳಗೆ ಬಾಗಿದೆಯಲ್ಲ. ನಾನು ಮೂರು ವರ್ಷದವಳಿದ್ದಾಗ ಒಲೆ ಬಾಗಿಲಿಗೆ ಕೈ ಹಾಕೋಕೆ ಹೋಗಿದ್ನಂತೆ. ಅಮ್ಮ ತನ್ನ ಕೈ ಅಡ್ಡ ಕೊಟ್ಟು ಬಾಗಿಲು ತಡೆದ್ರು. ಆವತ್ತು ಮುರಿದಿದ್ದು ನೆಟ್ಟಗಾಗ್ಲೇ ಇಲ್ಲ. ಆ ಬೆರಳು ಹಿಡ್ಕೊಂಡೇ ನಾನು ಶಾಲೆಗೆ ಹೋಗಿದ್ದು ದೊಡ್ಡಮ್ಮ. ನನಗೆ ಗೊತ್ತಾಗಲ್ವಾ?"

ಫೋನಿನ ಅಂಗೈಯಗಲದ ಪರದೆಯಲ್ಲಿ ಅವಳು ಆ ವಿಡಿಯೋವನ್ನು ನೂರು ಸಲ ನೋಡಿದ್ದಳು. ನೂರು ಸಲವೂ ಕಲ್ಲನ್ನೇ ಹಿಗ್ಗಿಸಿ ನೋಡಿದ್ದಳು. ನಾವೂ ಅಷ್ಟೇ.

ದೊಡ್ಡಮ್ಮ ಸ್ಟೂಲಿನಲ್ಲಿ ಕೂತಳು. ಒಂದೊಂದೇ ಎಳೆ ಬಿಡಿಸುತ್ತ, ತನಗೆ ತಾನೇ ಹೇಳಿಕೊಳ್ಳುವವಳಂತೆ ಮಾತಾಡಿದಳು. ವಿಡಿಯೋ ವ್ಯಾಪಾರಿಯದಲ್ಲ, ನಿನ್ನ ಅಮ್ಮನದು. ನಿನ್ನ ಅಮ್ಮ ಈ ಕಲ್ಲನ್ನು ಮಾರಲೆಂದು ಪರೀಕ್ಷೆ ಮಾಡಿಸಿದ್ದಾರೆ, ಅವನು ಕೇಳಿದಂತೆ ವಿಡಿಯೋ ತೆಗೆದು ಅವನಿಗೆ ಕಳಿಸಿದ್ದಾರೆ. ಅವನು ಅದೇ ಪತ್ರ, ಅದೇ ವಿಡಿಯೋ ತೋರಿಸಿ ನಿನಗೆ ಕಾರ್ಖಾನೆಯ ಕಲ್ಲು ಕಟ್ಟಿದ್ದಾನೆ. ಅಮ್ಮನ ಉಂಗುರದ ಅಳತೆ ಹಿಡಿದು ಹುಡುಕಿದೆ, ಅಮ್ಮನ ಕಲ್ಲೇ ಸಿಕ್ಕಿತು. ಅದರಲ್ಲಿ ಅದೃಷ್ಟ ಏನೂ ಇಲ್ಲ.

"ಹಾಗಾದ್ರೆ ನಾನು ಹಿಟ್ಟಲ್ಲಿ ಕಳೆದಿದ್ದೇನು?"

ಭಾವ ಖಾಲಿ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದರು. ಮನೆಯೊಳಗೆ ಅಂಟಿನ ಗುರುತಿದೆ, ಈಚಿನದು, ಎಂದರು. ಯಾರೂ ಪಚ್ಚೆಯನ್ನು ಅಂಟು ಹಾಕಿ ಕೂರಿಸುವುದಿಲ್ಲವಂತೆ. ಗಾಜನ್ನು ಕೂರಿಸುತ್ತಾರಂತೆ.

ಒಂದು ಗಾಜಿನ ಚೂರಿಗೆ ಅಕ್ಕ ಇನ್ನೂರ ನಲವತ್ತು ಬನ್ನು, ಮೂರು ವರ್ಷದ ಒಲೆ, ಒಂದು ತಿಂಗಳ ನಿದ್ದೆ ಕಳೆದುಕೊಂಡಿದ್ದಳು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅವಳ ಮುಖ ನೋಡಿ ನಗು ಬರಲಿಲ್ಲ. ತನಗೆ ಒಂದು ಮಾತೂ ಹೇಳದೆ ಅಮ್ಮ ಉಂಗುರದ ಕಲ್ಲು ಕಿತ್ತು ಮಾರಲು ಹೊರಟದ್ದು ಯಾಕೆ ಎಂಬುದೊಂದೇ ಅವಳ ಮುಖದಲ್ಲಿತ್ತು.

"ನಾಲ್ಕೂ ಐವತ್ತು" ಎಂದೆ. ಹೇಳಲೇಬೇಕಿತ್ತು.

ಮಧ್ಯಸ್ಥ ಸಂಸ್ಥೆಯ ದೂರಿನ ಅರ್ಜಿ ಫೋನಿನಲ್ಲಿ ತೆರೆದೇ ಇತ್ತು. ಅಕ್ಕ ಬೇಗ ಬೇಗ ತುಂಬಿದಳು. ಕಲ್ಲು ಬೇರೆ ಬಂದಿದೆ, ಹೌದು. ಭಾವನ ಪುಸ್ತಕದ ಪುಟದ ಚಿತ್ರ, ಸೇರಿಸಿದ್ದಾಯಿತು. ವಿಡಿಯೋ ಮಾರಾಟಗಾರನದಲ್ಲ, ಹೌದು. ಅದರ ಕೆಳಗೆ ಹೊಸದಾಗಿ ಒಂದು ಚೌಕ ತೆರೆದುಕೊಂಡಿತು: ಕಲ್ಲಿನ ನಿಜವಾದ ಒಡೆಯರ ಹೆಸರು, ನಿಮಗೆ ಅವರು ಏನಾಗಬೇಕು, ಅವರ ಫೋನ್ ಸಂಖ್ಯೆ. ತಕ್ಷಣ ಕರೆ ಮಾಡಿ ಖಚಿತಪಡಿಸಿಕೊಳ್ಳಲಾಗುವುದು.

ಬರೆದರೆ ದುಡ್ಡು ಉಳಿಯುತ್ತದೆ. ಆದರೆ ಅಮ್ಮ ಮಗಳಿಂದ ಮುಚ್ಚಿಟ್ಟ ಗುಟ್ಟನ್ನು ಯಾರೋ ಅಪರಿಚಿತರು ಫೋನು ಮಾಡಿ ಅವರ ಮುಂದೆಯೇ ಬಿಚ್ಚುತ್ತಾರೆ. ಬರೆಯದಿದ್ದರೆ ಆ ವ್ಯಾಪಾರಿ ಇಬ್ಬರನ್ನೂ ನುಂಗಿ ನೀರು ಕುಡಿಯುತ್ತಾನೆ.

"ಬರೀಲಾ ದೊಡ್ಡಮ್ಮ?"

ಎಲ್ಲದಕ್ಕೂ ಒಂದು ಸೂತ್ರ ಹೇಳುವ ದೊಡ್ಡಮ್ಮ ಈ ಸಲ ಭೂತಗನ್ನಡಿ ಒರೆಸತೊಡಗಿದಳು.

ಅಕ್ಕ ಸಂಬಂಧದ ಜಾಗದಲ್ಲಿ ‘ತಾಯಿ’ ಎಂದು ಬರೆದಳು. ಬಾಯಿಪಾಠ ಬರುವ ಸಂಖ್ಯೆಯ ಒಂಬತ್ತು ಅಂಕಿ ಒತ್ತಿದಳು. ಹತ್ತನೆಯದರ ಮೇಲೆ ಬೆರಳು ನಿಂತಿತು. ಆಗಲೇ ಫೋನು ಅವಳ ಕೈಯಲ್ಲಿ ಅದುರಿ, ಅರ್ಜಿ ಮರೆಯಾಗಿ, ಪರದೆಯ ಮೇಲೆ ‘ಅಮ್ಮ’ ಎಂಬ ಹೆಸರು ಬಂತು.

ನಾಲ್ಕೂ ಐವತ್ತಾರು. ಅಕ್ಕ ಕರೆಯನ್ನು ಎತ್ತಿಕೊಂಡಳು. ಆ ಕಡೆಯ ಧ್ವನಿ ನಮಗೆಲ್ಲರಿಗೂ ಕೇಳಿಸಿತು.

"ಮಗಳೇ, ಆ ವ್ಯಾಪಾರಿ ಹತ್ರ ನನ್ನ ಕಲ್ಲನ್ನ ಕೊಂಡವಳು ನೀನೇನಾ?"